ಕೆಲಸದ ಸಂದರ್ಶನದಲ್ಲಿ ದೇಹಭಾಷೆ: ಧಾರವಾಡ, ಗದಗ, ಹಾವೇರಿ ಭಾಗದ ಅಭ್ಯರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸಪ್ತಾಪುರ ಭಾಗದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವವರಿಗೂ ಹುಬ್ಬಳ್ಳಿಯ ಕಾಲೇಜುಗಳಲ್ಲಿ ಕ್ಯಾಂಪಸ್ ಆಯ್ಕೆಗೆ ಸಿದ್ಧರಾಗುತ್ತಿರುವವರಿಗೂ ನಾನು ಹಲವು ವರ್ಷಗಳಿಂದ ಅಣಕು ಸಂದರ್ಶನಗಳನ್ನು ನಡೆಸುತ್ತ ಬಂದಿದ್ದೇನೆ. ರೋಣ, ಶಿರಹಟ್ಟಿ, ಹಾನಗಲ್ಲ, ಸವಣೂರು, ಬ್ಯಾಡಗಿ ಮುಂತಾದ ಊರುಗಳಿಂದ ಬರುವ ಈ ಅಭ್ಯರ್ಥಿಗಳಲ್ಲಿ ಓದಿನ ಕೊರತೆಯನ್ನು ನಾನು ಕಂಡದ್ದು ಕಡಿಮೆ. ತಗ್ಗಿದ ಗೋಣು, ಗಂಟಲಲ್ಲೇ ಉಳಿಯುವ ದನಿ, ಎದೆಗೆ ಅವಚಿಕೊಂಡ ಫೈಲು ಇವೆಲ್ಲ ಸೇರಿ, ಓದಿದ್ದು ಎದುರಿಗೆ ಕುಳಿತವರನ್ನು ತಲುಪದಂತೆ ತಡೆಯುವುದನ್ನು ಮಾತ್ರ ಮತ್ತೆ ಮತ್ತೆ ಕಂಡಿದ್ದೇನೆ. ಅವರು ಕೇಳುವ ಪ್ರಶ್ನೆಗಳನ್ನೂ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಒಂದೆಡೆ ಸೇರಿಸಿದ್ದೇನೆ.

ಸಂದರ್ಶನದಲ್ಲಿ ಮಾತಿಗೆ ಇರುವ ತೂಕ ಶೇ. 7 ಮಾತ್ರ, ಉಳಿದದ್ದೆಲ್ಲ ದೇಹಭಾಷೆ ಮತ್ತು ಧ್ವನಿ ಎಂದು ತರಬೇತಿಯಲ್ಲಿ ಹೇಳಿದರು. ಇದು ನಿಜವೇ?

ನಿಜವಲ್ಲ. ಈ ಲೆಕ್ಕವು ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರೇಬಿಯನ್ ಅವರು 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಿಂದ ಬಂದದ್ದು. ಅವರು ಬಿಡಿ ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಛಾಯಾಚಿತ್ರಗಳನ್ನು ತೋರಿಸಿ, ಹೇಳುವವರ ಭಾವನೆ ಪ್ರೀತಿಯದೋ ಅಪ್ರೀತಿಯದೋ ಎಂಬುದನ್ನು ಕೇಳುಗರು ಯಾವುದರಿಂದ ಊಹಿಸುತ್ತಾರೆ ಎಂದು ನೋಡಿದರು. ಪದ ಒಂದನ್ನು ಹೇಳಿ ಮುಖ ಇನ್ನೊಂದನ್ನು ಹೇಳಿದಾಗ ಜನ ಮುಖವನ್ನು ನಂಬುತ್ತಾರೆ ಎಂಬಷ್ಟಕ್ಕೆ ಪದಕ್ಕೆ 7, ದನಿಗೆ 38, ಮುಖಕ್ಕೆ 55 ಎಂಬ ಆ ಅಂಕಿಗಳು ಸಲ್ಲುತ್ತವೆ. ಟ್ರಾನ್ಸ್‌ಫಾರ್ಮರ್ ಹೇಗೆ ಕೆಲಸ ಮಾಡುತ್ತದೆ ಎಂದೋ ಗ್ರಾಮಸಭೆಯ ಅಧಿಕಾರಗಳು ಯಾವುವು ಎಂದೋ ಕೇಳಿದಾಗ ಉತ್ತರ ಗೊತ್ತಿಲ್ಲದವನನ್ನು ಯಾವ ಮುಗುಳ್ನಗೆಯೂ ಉಳಿಸಲಾರದು.

ಹಾಗಾದರೆ ದೇಹಭಾಷೆಯ ಪಾಲು ಏನು? ಅದು ದಾರಿಯನ್ನು ತೆರವು ಮಾಡುತ್ತದೆ. ನಿಮ್ಮ ಉತ್ತರಕ್ಕೂ ಕೇಳುವವರ ಗಮನಕ್ಕೂ ನಡುವೆ ಏನೂ ಅಡ್ಡ ಬರದಂತೆ ನೋಡಿಕೊಳ್ಳುವುದೇ ಅದರ ಕೆಲಸ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಬಗೆಯ ಪ್ರಶ್ನೆ ಕೇಳಿ, ಉತ್ತರಕ್ಕೆ ಮೊದಲೇ ಗೊತ್ತುಪಡಿಸಿದ ಅಂಕ ಕೊಡುವ ಕಡೆ ಅದರ ಪ್ರಭಾವ ಕಡಿಮೆ. ಮಾತು ಎತ್ತೆತ್ತಲೋ ಹೊರಳುವ, ಹತ್ತು ನಿಮಿಷದಲ್ಲಿ ಮುಗಿದುಹೋಗುವ ಸಂದರ್ಶನಗಳಲ್ಲಿ ಹೆಚ್ಚು.

ಹಿರಿಯರ ಮುಂದೆ ಕಣ್ಣು ತಗ್ಗಿಸುವುದೇ ಮರ್ಯಾದೆ ಎಂದು ಮನೆಯಲ್ಲಿ ಕಲಿತಿದ್ದೇನೆ. ಸಂದರ್ಶಕರ ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಉದ್ಧಟತನ ಅನ್ನಿಸುವುದಿಲ್ಲವೇ?

ಎಲ್ಲಕ್ಕಿಂತ ಹೆಚ್ಚು ಕೇಳಿದ ಪ್ರಶ್ನೆ ಇದು, ಎಲ್ಲಕ್ಕಿಂತ ನ್ಯಾಯವಾದದ್ದೂ ಹೌದು. ನಮ್ಮ ಊರುಗಳಲ್ಲಿ ಅಜ್ಜನೋ ಗುರುಗಳೋ ಮಾತನಾಡುವಾಗ ಕೈಕಟ್ಟಿ, ನೆಲ ನೋಡುತ್ತ ನಿಲ್ಲುವವನನ್ನು ಯಾರೂ ಪುಕ್ಕಲ ಎನ್ನುವುದಿಲ್ಲ, ಸಂಸ್ಕಾರವಂತ ಎನ್ನುತ್ತಾರೆ. ಅದೇ ನಿಲುವನ್ನು ಬೆಂಗಳೂರಿನಿಂದಲೋ ಪುಣೆಯಿಂದಲೋ ಬಂದ ಸಂದರ್ಶಕರು ಆತ್ಮವಿಶ್ವಾಸ ಇಲ್ಲ ಎಂದೋ, ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದೋ ಓದಿಕೊಳ್ಳುತ್ತಾರೆ. ತಪ್ಪು ಓದಿದ್ದು ಅವರು, ಕೆಲಸ ತಪ್ಪುವುದು ನಿಮಗೆ. ಆದ್ದರಿಂದ ನಿಮ್ಮ ಮರ್ಯಾದೆಯನ್ನು ಬಿಡಬೇಕಾಗಿಲ್ಲ, ಅದನ್ನು ಆ ಕೋಣೆಗೆ ತಿಳಿಯುವ ರೀತಿಯಲ್ಲಿ ತೋರಿಸಬೇಕಾಗಿದೆ. ಆ ಕೋಣೆಯಲ್ಲಿ, ಹೇಳುವವರ ಮುಖ ನೋಡುತ್ತ ಕೇಳಿಸಿಕೊಳ್ಳುವುದೇ ಮರ್ಯಾದೆ.

ಪ್ರಶ್ನೆ ಕೇಳುತ್ತಿರುವಾಗ ಅವರ ಮುಖವನ್ನು ಪೂರ್ತಿ ನೋಡಿ. ಉತ್ತರ ಯೋಚಿಸುವಾಗ ಕಣ್ಣು ಬೇರೆಡೆ ಹೋಗುವುದು ಸಹಜ, ಹೋಗಲಿ. ಮಾತು ಶುರು ಮಾಡಿದ ಮೇಲೆ ಮತ್ತೆ ಅವರತ್ತ ಬನ್ನಿ, ಉತ್ತರದ ಕೊನೆಯ ವಾಕ್ಯವನ್ನಂತೂ ನೆಲಕ್ಕೆ ಹೇಳಬೇಡಿ. ನೇರ ಕಣ್ಣಿಗೆ ನೋಡಲು ಬಿಡೆ ಅನ್ನಿಸಿದರೆ ಹುಬ್ಬುಗಳ ನಡುವೆ ನೋಡಬಹುದು, ಮೇಜಿನ ಆಚೆ ಇರುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ರೆಪ್ಪೆ ಬಡಿಯದೆ ದಿಟ್ಟಿಸುವುದು ಮಾತ್ರ ಯಾರಿಗೂ ಹಿತವಲ್ಲ.

ಮುಂಡರಗಿ ಕಡೆಯ ರೈತರ ಮನೆಯ ಹುಡುಗನೊಬ್ಬ ಅಣಕು ಸಂದರ್ಶನಕ್ಕೆ ಬಂದಿದ್ದ. ಸಂವಿಧಾನದ ಪ್ರಶ್ನೆಗಳಿಗೆ ಸರಿಯಾದ ಉತ್ತರಗಳನ್ನೇ ಕೊಟ್ಟ, ಆದರೆ ಎಲ್ಲವನ್ನೂ ತನ್ನ ಮೊಣಕಾಲಿಗೆ ಹೇಳಿದ. ನಡುವೆ ನಾನು ಉಳ್ಳಾಗಡ್ಡಿಯ ದರ ಕುಸಿದಾಗ ಮನೆಯವರು ಏನು ಮಾಡಿದರು ಎಂದು ಕೇಳಿದೆ. ಅವನ ತಲೆ ಎತ್ತಿತು, ಬೆನ್ನು ನೆಟ್ಟಗಾಯಿತು, ಅಂಗೈ ತೆರೆದು ಗಡ್ಡೆಯ ಗಾತ್ರ ತೋರಿಸುತ್ತ, ನನ್ನ ಮುಖವನ್ನೇ ನೋಡುತ್ತ, ಸಂಗ್ರಹದ ಸಮಸ್ಯೆಯಿಂದ ದಲ್ಲಾಳಿಯ ಲೆಕ್ಕದವರೆಗೆ ವಿವರಿಸಿದ. ಅವನಿಗೆ ನಾನು ಹೊಸದಾಗಿ ಕಲಿಸಬೇಕಾದದ್ದು ಏನೂ ಇರಲಿಲ್ಲ. ‘ಈಗ ಕುಳಿತ ಹಾಗೆಯೇ ಕುಳಿತು 73ನೇ ತಿದ್ದುಪಡಿಯ ಬಗ್ಗೆ ಹೇಳು’ ಎಂದೆ, ಅಷ್ಟೆ. ಈ ಪುಟದಲ್ಲಿ ನಾನು ಹೇಳಬೇಕೆಂದಿರುವ ಮಾತು ಮುಖ್ಯವಾಗಿ ಇದೇ: ಒಳ್ಳೆಯ ದೇಹಭಾಷೆ ನಿಮ್ಮಲ್ಲಿ ಈಗಾಗಲೇ ಇದೆ. ಚೆನ್ನಾಗಿ ಗೊತ್ತಿರುವ ಸಂಗತಿಯನ್ನು ಬೇಕಾದವರಿಗೆ ವಿವರಿಸುವಾಗ ನಿಮ್ಮ ಮೈ ಹೇಗಿರುತ್ತದೆ ಎಂಬುದನ್ನು ಗಮನಿಸಿ, ಅಲ್ಲಿಂದ ಅದನ್ನು ಸಂದರ್ಶನದ ಕೋಣೆಗೆ ತನ್ನಿ. ಹೊರಗಿನಿಂದ ತಂದು ತೊಡಿಸಿದ ಭಂಗಿ ಐದು ನಿಮಿಷದಲ್ಲಿ ಕಳಚಿ ಬೀಳುತ್ತದೆ.

ಒಳಗೆ ಹೋದ ಕೂಡಲೇ ಕೈಕುಲುಕಬೇಕೋ ನಮಸ್ಕಾರ ಮಾಡಬೇಕೋ?

ನಮಸ್ಕಾರ ಎಲ್ಲಿಯೂ ತಪ್ಪಾಗುವುದಿಲ್ಲ. ಬಾಗಿಲನ್ನು ಮೆಲ್ಲಗೆ ತಟ್ಟಿ, ಒಪ್ಪಿಗೆ ಪಡೆದು ಒಳಗೆ ಬಂದು, ಕುರ್ಚಿಯ ಹತ್ತಿರ ಒಂದು ಕ್ಷಣ ನಿಂತು, ಎಲ್ಲರತ್ತ ನೋಡಿ ಒಂದೇ ನಮಸ್ಕಾರ ಮಾಡಿದರೆ ಸಾಕು. ಐವರು ಇದ್ದರೆ ಐದು ಸಲ ಬಾಗಬೇಕಾಗಿಲ್ಲ. ಕೈಕುಲುಕುವುದನ್ನು ಅವರು ಮೊದಲು ಕೈ ಚಾಚಿದಾಗ ಮಾತ್ರ ಮಾಡಿ. ಆಗ ಬೆರಳ ತುದಿಯನ್ನಷ್ಟೇ ಕೊಡದೆ, ಅಂಗೈಗೆ ಅಂಗೈ ತಾಗುವಂತೆ ಹಿಡಿದು, ಎರಡು ಕ್ಷಣದಲ್ಲಿ ಬಿಡಿ. ಅಂಗೈ ಬೆವರುವವರು ಹೊರಗೆ ಕುಳಿತಾಗಲೇ ಕರವಸ್ತ್ರದಿಂದ ಒರೆಸಿಕೊಂಡು, ಫೈಲನ್ನು ಎಡಗೈಯಲ್ಲಿ ಹಿಡಿದಿರಲಿ.

ಕಾಲು ಮುಟ್ಟಿ ನಮಸ್ಕರಿಸಲು ಮುಂದಾಗುವವರನ್ನೂ ನೋಡಿದ್ದೇನೆ. ಭಾವ ಒಳ್ಳೆಯದೇ ಆದರೂ ಅದು ಮನೆಗೆ ಮತ್ತು ಗುರುಗಳಿಗೆ ಸಲ್ಲುವ ನಡೆ. ಆಯ್ಕೆ ಮಾಡುವವರನ್ನು ಅದು ಮುಜುಗರಕ್ಕೆ ಈಡುಮಾಡುತ್ತದೆ.

ಹೇಗೆ ಕುಳಿತುಕೊಳ್ಳಬೇಕು? ಕಾಲ ಮೇಲೆ ಕಾಲು ಹಾಕಬಹುದೇ?

ಕುಳಿತುಕೊಳ್ಳಿ ಎಂದ ಮೇಲೆ ಕುಳಿತು, ಧನ್ಯವಾದ ಹೇಳಿ. ಸಂಕೋಚದಿಂದ ಕುರ್ಚಿಯ ಅಂಚಿನಲ್ಲಿ ಕುಳಿತರೆ ಮೈಯ ಭಾರವೆಲ್ಲ ಕಾಲಿನ ಮೇಲೆ ಬಿದ್ದು, ಸ್ವಲ್ಪ ಹೊತ್ತಿಗೆ ಮೊಣಕಾಲು ತಾನೇ ಕುಣಿಯತೊಡಗುತ್ತದೆ. ಬೆನ್ನಿನ ಕೆಳಭಾಗ ಕುರ್ಚಿಗೆ ತಾಗುವಂತೆ ಹಿಂದೆ ಸರಿದು, ಎರಡೂ ಪಾದಗಳನ್ನು ಪೂರ್ತಿ ನೆಲಕ್ಕೂರಿ ಕುಳಿತರೆ ಉಸಿರಾಟವೂ ಸುಲಭ, ದನಿಯೂ ಸ್ಪಷ್ಟ. ಕಾಲ ಮೇಲೆ ಕಾಲು ಹಾಕುವುದನ್ನು ನಮ್ಮ ಕಡೆ ಇಂದಿಗೂ ಹಿರಿಯರ ಮುಂದೆ ಗರ್ವವೆಂದೇ ತಿಳಿಯುತ್ತಾರೆ, ಆದ್ದರಿಂದ ಬೇಡ. ಪಾದದ ಗಂಟಿನ ಹತ್ತಿರ ಒಂದರ ಮೇಲೊಂದು ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಕೈಗಳನ್ನು ಏನು ಮಾಡಬೇಕೆಂದೇ ತಿಳಿಯುವುದಿಲ್ಲ.

ಕೈಗೆ ಕೆಲಸ ಇಲ್ಲದಿದ್ದರೆ ಅದು ತಾನೇ ಕೆಲಸ ಹುಡುಕಿಕೊಳ್ಳುತ್ತದೆ: ಪೆನ್ನಿನ ಮುಚ್ಚಳ ತೆಗೆದು ಹಾಕುವುದು, ಉಂಗುರ ತಿರುಗಿಸುವುದು, ದುಪಟ್ಟಾದ ತುದಿ ಸುತ್ತುವುದು, ಪ್ಲಾಸ್ಟಿಕ್ ಫೈಲನ್ನು ಚಟಚಟ ಎನ್ನಿಸುವುದು. ಫೈಲನ್ನು ಮಡಿಲಲ್ಲಿ ಇಟ್ಟುಕೊಂಡರೆ ಅದು ಗುರಾಣಿಯಾಗಿಬಿಡುತ್ತದೆ. ಕೇಳಿ ಮೇಜಿನ ಮೇಲಿಡಿ, ಇಲ್ಲವೇ ಕುರ್ಚಿಗೆ ಒರಗಿಸಿ ಕೆಳಗಿಡಿ. ಕೈಗಳು ತೊಡೆಯ ಮೇಲೆ ಸಡಿಲವಾಗಿರಲಿ. ಮಾತನಾಡುವಾಗ ಎದೆಯ ಮಟ್ಟದೊಳಗೆ ಅವು ಚಲಿಸಿದರೆ ಚಲಿಸಲಿ. ಕೈ ಆಡಿಸಿ ಮಾತನಾಡುವುದು ನಮ್ಮ ಭಾಗದವರ ರೂಢಿ, ಅದನ್ನು ಕಟ್ಟಿಹಾಕಿದರೆ ಮಾತೂ ಕಟ್ಟಿಕೊಳ್ಳುತ್ತದೆ. ಬೆರಳು ತೋರಿಸಿ ಮಾತನಾಡುವುದನ್ನು ಮಾತ್ರ ಬಿಡಿ.

ಎದೆಯ ಮೇಲೆ ಕೈಕಟ್ಟುವುದರ ಬಗ್ಗೆ ಒಂದು ಮಾತು. ಶಾಲೆಯಲ್ಲಿ ಕೈಕಟ್ಟಿ ಕೂಡಿ ಎಂದು ಕಲಿಸಿದ್ದರಿಂದ ನಮಗೆ ಅದು ಶಿಸ್ತು. ಹೊರಗಿನಿಂದ ಬಂದ ಸಂದರ್ಶಕರಿಗೆ ಅದು ಮುಚ್ಚಿದ ಬಾಗಿಲಿನಂತೆ ಕಾಣಬಹುದು. ಬಿಚ್ಚಿ ಕುಳಿತರೆ ಶಿಸ್ತು ಕೆಡುವುದಿಲ್ಲ.

ಕೈ ನಡುಗುತ್ತದೆ, ಗಂಟಲು ಒಣಗುತ್ತದೆ. ನನ್ನ ಅಂಜಿಕೆ ಎಲ್ಲರಿಗೂ ಕಾಣುತ್ತದಲ್ಲ?

ನೀವು ಎಣಿಸಿದಷ್ಟು ಕಾಣುವುದಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಕೆನೆತ್ ಸಾವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ ಎಂಬ ಮನೋವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣ ಮಾಡಿದವರು ತಮ್ಮ ಅಂಜಿಕೆ ಎಷ್ಟು ಹೊರಗೆ ಕಂಡಿತೆಂದು ಭಾವಿಸಿದ್ದರೋ ಕೇಳುಗರಿಗೆ ಅಷ್ಟು ಕಂಡಿರಲಿಲ್ಲ. ಇನ್ನೂ ಉಪಯುಕ್ತವಾದ ಅಂಶವೆಂದರೆ, ‘ಒಳಗಿನ ಅಂಜಿಕೆ ಹೊರಗೆ ಅಷ್ಟಾಗಿ ಕಾಣುವುದಿಲ್ಲ’ ಎಂಬ ಸಂಗತಿಯನ್ನು ಮೊದಲೇ ತಿಳಿಸಿದ್ದವರು ಉಳಿದವರಿಗಿಂತ ಚೆನ್ನಾಗಿ ಮಾತನಾಡಿದರು. ನೀವೀಗ ಅದನ್ನು ಓದಿದ್ದೀರಿ, ಹೊರಡುವ ದಿನ ಮುಂಜಾನೆ ಇನ್ನೊಮ್ಮೆ ನೆನಪಿಸಿಕೊಳ್ಳಿ.

ಎದೆ ಬಡಿತವನ್ನು ಒತ್ತಾಯದಿಂದ ಇಳಿಸಲು ಹೋಗುವುದೂ ಫಲ ಕೊಡುವುದು ಕಡಿಮೆ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಅವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಠಿಣ ಕೆಲಸಕ್ಕೆ ಮುನ್ನ ‘ನಾನು ಶಾಂತನಾಗಿದ್ದೇನೆ’ ಎಂದುಕೊಂಡವರಿಗಿಂತ ‘ನನಗೆ ಹುರುಪು ಬಂದಿದೆ’ ಎಂಬರ್ಥದ ಮಾತು ಹೇಳಿಕೊಂಡವರು ಉತ್ತಮವಾಗಿ ಮಾಡಿದರು. ಅಂಜಿಕೆಯಲ್ಲೂ ಹುರುಪಿನಲ್ಲೂ ಎದೆ ಬಡಿಯುವುದು ಒಂದೇ ರೀತಿಯಲ್ಲಿ. ಜಾತ್ರೆಯಲ್ಲಿ ತೇರು ಎಳೆಯಲು ಹಗ್ಗಕ್ಕೆ ಕೈ ಹಾಕುವ ಮುನ್ನ ಬಡಿಯುವ ಎದೆಯನ್ನು ನಾವು ಅಂಜಿಕೆ ಎನ್ನುವುದಿಲ್ಲ.

ಇನ್ನು ಮೈಗೆ ಸಂಬಂಧಿಸಿದ ಉಪಾಯಗಳು. ಹೊರಗೆ ಕಾಯುವಾಗ ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ನಿಧಾನ ಮಾಡಿ. ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಮೇಜಿನ ಮೇಲೆ ನೀರಿದ್ದರೆ ಕೇಳಿ ಕುಡಿಯಿರಿ, ಅದರಲ್ಲಿ ಕೀಳರಿಮೆ ಏನಿಲ್ಲ. ಕೈ ನಡುಗುತ್ತಿದ್ದರೆ ಬಿಡಿ ಹಾಳೆಯನ್ನು ಹಿಡಿಯಬೇಡಿ, ಹಾಳೆ ಆ ನಡುಕವನ್ನು ಹತ್ತು ಪಟ್ಟು ಮಾಡಿ ತೋರಿಸುತ್ತದೆ. ಬರಿಹೊಟ್ಟೆಯಲ್ಲಿ ಎರಡು ಮೂರು ಸಲ ಚಹಾ ಕುಡಿದು ಬರುವುದೂ ನಡುಕ ಹೆಚ್ಚಿಸುತ್ತದೆ. ಗದಗದಿಂದಲೋ ಹಾವೇರಿಯಿಂದಲೋ ನಸುಕಿನ ಬಸ್ಸಿಗೆ ಹೊರಡುವವರು ಮನೆಯಿಂದ ಒಂದು ರೊಟ್ಟಿಯನ್ನಾದರೂ ತಿಂದು ಹೊರಡಿ.

ಕನ್ನಡಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ಎರಡು ನಿಮಿಷ ನಿಂತರೆ ಧೈರ್ಯ ಬರುತ್ತದೆಯೇ?

2010ರಲ್ಲಿ ಡಾನಾ ಕಾರ್ನಿ, ಏಮಿ ಕಡ್ಡಿ ಮತ್ತು ಆಂಡಿ ಯಾಪ್ ಅವರು 42 ಜನರ ಮೇಲೆ ನಡೆಸಿದ ಪ್ರಯೋಗದಿಂದ ಈ ಮಾತು ಹರಡಿತು. 2015ರಲ್ಲಿ ಬೇರೆ ಸಂಶೋಧಕರು 200 ಜನರೊಂದಿಗೆ ಅದನ್ನೇ ಮಾಡಿದಾಗ, ಶಕ್ತಿ ಬಂದಂತೆ ಅನ್ನಿಸಿತೆಂದು ಜನ ಹೇಳಿದರೇ ಹೊರತು ಹಾರ್ಮೋನುಗಳಲ್ಲಾಗಲಿ ನಡವಳಿಕೆಯಲ್ಲಾಗಲಿ ಬದಲಾವಣೆ ಕಾಣಲಿಲ್ಲ. ಮರುವರ್ಷ ಕಾರ್ನಿ ಅವರೇ ಆ ಪರಿಣಾಮವನ್ನು ತಾವು ನಂಬುವುದಿಲ್ಲವೆಂದು ಬಹಿರಂಗವಾಗಿ ತಿಳಿಸಿದರು. ಮನಸ್ಸಿಗೆ ಹಿತವೆನಿಸಿದರೆ ನಿಂತುಕೊಳ್ಳಿ, ಆ ಎರಡು ನಿಮಿಷ ನಿಮ್ಮ ಅರ್ಜಿಯನ್ನು ಇನ್ನೊಮ್ಮೆ ಓದುವುದು ನನ್ನ ದೃಷ್ಟಿಯಲ್ಲಿ ಮೇಲು.

ನಾನು ಹೌದು ಎನ್ನಲು ಗೋಣು ಅಲ್ಲಾಡಿಸಿದರೆ ಸಂದರ್ಶಕರು ಇಲ್ಲ ಎಂದು ತಿಳಿದರು. ಏನು ಮಾಡಲಿ?

ಹೌದಿಗೂ ಸರಿಗೂ ಆಗಲಿಗೂ ತಿಳಿಯಿತುಗೂ ನಾವು ತಲೆಯನ್ನು ಎಡಬಲಕ್ಕೆ ತೂಗಿ ಮುಗಿಸುತ್ತೇವೆ. ನಮ್ಮೊಳಗೆ ಅದು ಸ್ಪಷ್ಟ. ಪರದೇಶದ ಗ್ರಾಹಕರೊಂದಿಗೆ ವ್ಯವಹರಿಸುವ ಕಂಪನಿಗಳಲ್ಲಿ, ವಿಶೇಷವಾಗಿ ವಿಡಿಯೊ ಸಂದರ್ಶನಗಳಲ್ಲಿ, ಅದು ಗೊಂದಲಕ್ಕೆ ಎಡೆಮಾಡುತ್ತದೆ. ತಲೆಯ ಜೊತೆಗೆ ‘ಹೌದು ಸರ್’, ‘ಇಲ್ಲ ಮೇಡಂ’ ಎಂದು ಬಾಯಿಬಿಟ್ಟು ಹೇಳಿದರೆ ಸಮಸ್ಯೆ ಅಲ್ಲಿಗೇ ತೀರಿತು. ಪ್ರತಿ ಪದಕ್ಕೂ ಗೋಣು ಹಾಕುತ್ತ ಕೂಡುವುದೂ ಬೇಡ. ಪ್ರಶ್ನೆ ಮುಗಿಯುವ ಮುನ್ನವೇ ತಿಳಿಯಿತು ಎಂಬಂತೆ ಅದು ತೋರುತ್ತದೆ.

ನಮ್ಮ ಕಡೆಯ ಗಟ್ಟಿ ದನಿ, ಮಾತಿನ ಧಾಟಿ ಅಡ್ಡಿಯಾಗುತ್ತದೆಯೇ?

ಧಾಟಿ ಅಡ್ಡಿಯಾಗುವುದಿಲ್ಲ. ಕನ್ನಡದಲ್ಲಿ ಸಂದರ್ಶನ ನಡೆದಾಗ ‘ಹೌದ್ರಿ’, ‘ಇಲ್ರಿ’ ಎಂಬ ರೀಕಾರದಲ್ಲಿ ನಮ್ಮ ಗೌರವವೆಲ್ಲ ಅಡಗಿದೆ. ಅದನ್ನು ಅಳಿಸಿಕೊಂಡು ಬೆಂಗಳೂರಿನ ಮಾತನ್ನು ಅನುಕರಿಸಲು ಹೋದವರು ಎರಡೂ ಕಡೆ ತಡವರಿಸಿದ್ದನ್ನು ಕಂಡು ನನಗೆ ನೋವಾಗಿದೆ. ಧಾರವಾಡದಲ್ಲಿ ಕುಳಿತು ಧಾರವಾಡದ ಕನ್ನಡಕ್ಕೆ ನಾಚಬೇಕಾದ ಕಾರಣವೇ ಇಲ್ಲ.

ನಿಜವಾದ ತೊಡಕು ಇರುವುದು ದನಿಯ ಏರಿಳಿತದಲ್ಲಿ. ಹೊಲದಲ್ಲಿ, ಸಂತೆಯಲ್ಲಿ ಗಟ್ಟಿಯಾಗಿ ಮಾತನಾಡುವವರೇ ಸಂದರ್ಶನದ ಕೋಣೆಗೆ ಬಂದೊಡನೆ ಪಿಸುಗುಡುತ್ತಾರೆ. ಮೇಜಿನ ಆಚೆಯ ಕೊನೆಯಲ್ಲಿ ಕುಳಿತವರಿಗೆ ಮೊದಲ ಸಲಕ್ಕೇ ಕೇಳಿಸಬೇಕು ಎಂಬುದೇ ಅಳತೆ. ಇಂಗ್ಲಿಷಿನಲ್ಲಿ ಮಾತನಾಡಬೇಕಾದಾಗ ಅಂಜಿಕೆಯಿಂದ ವೇಗ ಹೆಚ್ಚುತ್ತದೆ. ಪೂರ್ಣವಿರಾಮದ ಹತ್ತಿರ ಬೇಕೆಂದೇ ನಿಂತು ಉಸಿರು ತೆಗೆದುಕೊಳ್ಳಿ. ಆ ಮೌನ ನಿಮಗೆ ದೀರ್ಘ ಅನ್ನಿಸಿದರೂ ಕೇಳುವವರಿಗೆ ಹಾಗೆ ಅನ್ನಿಸುವುದಿಲ್ಲ.

ಐದಾರು ಜನರ ಮಂಡಳಿ ಇದ್ದರೆ ಯಾರನ್ನು ನೋಡಬೇಕು?

ಕೇಳಿದವರನ್ನು ನೋಡಿ ಆರಂಭಿಸಿ, ನಡುವೆ ಉಳಿದವರತ್ತ ಒಮ್ಮೆ ಹೊರಳಿ, ಕೇಳಿದವರಿಗೇ ಉತ್ತರವನ್ನು ಒಪ್ಪಿಸಿ. ತಲೆಯೊಂದನ್ನೇ ತಿರುಗಿಸದೆ ಹೆಗಲೂ ಸ್ವಲ್ಪ ಅತ್ತ ಹೊರಳಿದರೆ ಗಮನ ಪೂರ್ತಿ ಅವರಿಗೆ ಸಂದಂತೆ ಕಾಣುತ್ತದೆ. ಒಬ್ಬರು ನಿಮ್ಮನ್ನು ನೋಡದೆ ಕಾಗದ ತಿರುವುತ್ತಿರಬಹುದು, ಇನ್ನೊಬ್ಬರು ಮುಖ ಗಂಟಿಕ್ಕಿರಬಹುದು. ಬೆಳಗಿನಿಂದ ಹತ್ತಾರು ಜನರನ್ನು ಕೇಳಿ ದಣಿದವರ ಮುಖ ಹಾಗೆಯೇ ಇರುತ್ತದೆ, ಅದನ್ನು ನಿಮ್ಮ ಮೇಲಿನ ತೀರ್ಪು ಎಂದುಕೊಳ್ಳಬೇಡಿ.

ಎಷ್ಟು ಸಿದ್ಧತೆ ಬೇಕೆಂಬುದು ಯಾವ ಹುದ್ದೆ ಎಂಬುದರ ಮೇಲಿದೆ. ಕೇಂದ್ರ ಸರ್ಕಾರದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನೇ ಕೈಬಿಡಲಾಗಿದೆ. ಆದ್ದರಿಂದ ರೈಲ್ವೆಯ ಗ್ರೂಪ್ ಸಿ ಹುದ್ದೆಗೋ ಬ್ಯಾಂಕಿನ ಗುಮಾಸ್ತ ಹುದ್ದೆಗೋ ಓದುತ್ತಿರುವವರು ಈ ಚಿಂತೆಯನ್ನು ಬದಿಗಿಟ್ಟು ಲಿಖಿತ ಪರೀಕ್ಷೆಗೆ ಓದಿಕೊಳ್ಳಬಹುದು. ಸರ್ಕಾರಿ ಬ್ಯಾಂಕುಗಳ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಪ್ರೊಬೇಷನರಿ ಅಧಿಕಾರಿ ಹುದ್ದೆಗೆ ಮುಖ್ಯ ಪರೀಕ್ಷೆ ಮತ್ತು ಸಂದರ್ಶನಗಳ ತೂಕ 80ಕ್ಕೆ 20ರ ಪ್ರಮಾಣದಲ್ಲಿದೆ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯಲ್ಲಿ ಒಟ್ಟು 2025 ಅಂಕಗಳಲ್ಲಿ 275 ವ್ಯಕ್ತಿತ್ವ ಪರೀಕ್ಷೆಗೆ, ಅಂದರೆ ಸಂದರ್ಶನಕ್ಕೆ, ಮೀಸಲು. ಅಲ್ಲಿ ಕೆಲವೇ ಅಂಕಗಳು ಯಾವ ಸೇವೆ ಸಿಗುತ್ತದೆ ಎಂಬುದನ್ನು ಬದಲಿಸುತ್ತವೆ.

ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ಐಟಿಐ ಹುದ್ದೆಗಾಗಿ ಹೋಗುತ್ತಿದ್ದೇನೆ. ಅಲ್ಲಿಯೂ ಇದೆಲ್ಲ ಬೇಕೇ?

ಬೇಕು, ಆದರೆ ಬೇರೆ ರೀತಿಯಲ್ಲಿ. ಧಾರವಾಡದ ಬೇಲೂರು, ಹುಬ್ಬಳ್ಳಿಯ ಗೋಕುಲ ರಸ್ತೆ ಮತ್ತು ತಾರಿಹಾಳ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ ಮೊದಲಾದ ಕಡೆಯ ಕಾರ್ಖಾನೆಗಳಿಗೆ ಹೋದಾಗ ಮೇಲ್ವಿಚಾರಕರು ನಿಮ್ಮ ಮುಖಕ್ಕಿಂತ ಕೈಗಳನ್ನು ನೋಡುವ ಸಂಭವ ಹೆಚ್ಚು. ಒಂದು ಬಿಡಿಭಾಗವನ್ನು ಕೈಗೆ ಕೊಟ್ಟು ಇದೇನು ಎಂದರೆ ಅದನ್ನು ಎರಡು ಕೈಯಿಂದ ಹಿಡಿದು, ತಿರುಗಿಸಿ ನೋಡಿ ಹೇಳುವವನಿಗೂ, ಹಿಡಿದೊಡನೆ ವಾಪಸು ಮೇಜಿನ ಮೇಲಿಡುವವನಿಗೂ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಯಂತ್ರಗಳ ನಡುವೆ ಕರೆದೊಯ್ದರೆ ನೆಲದ ಹಳದಿ ಗೆರೆಗಳ ಒಳಗೆ ನಡೆಯಿರಿ, ಯಂತ್ರಕ್ಕೆ ಕೈ ಊರಬೇಡಿ, ಮೊಬೈಲ್ ಜೇಬಿನಲ್ಲೇ ಇರಲಿ. ಸುರಕ್ಷತೆಯ ಅರಿವು ಇದೆ ಎಂಬುದನ್ನು ನಡಿಗೆಯೇ ಹೇಳುತ್ತದೆ.

ಗುಟ್ಕಾ, ಎಲೆ ಅಡಿಕೆಯ ರೂಢಿ ಇರುವವರು ಆ ದಿನ ಅದನ್ನು ಮುಟ್ಟಲೇಬಾರದು. ಬಾಯಿ ಮುಚ್ಚಿಕೊಂಡು ಮಾತನಾಡುವ ಅಭ್ಯಾಸ ಅದರಿಂದಲೇ ಬಂದಿರುತ್ತದೆ, ಕೇಳುವವರಿಗೆ ಅದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

ಹೆಣ್ಣುಮಕ್ಕಳು ವಿಶೇಷವಾಗಿ ಗಮನಿಸಬೇಕಾದದ್ದು ಏನು?

ಮೈಯನ್ನು ಕುಗ್ಗಿಸಿಕೊಂಡು, ಆದಷ್ಟು ಕಡಿಮೆ ಜಾಗದಲ್ಲಿ ಕೂಡುವುದನ್ನು ನಮ್ಮ ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಕಲಿಸಲಾಗುತ್ತದೆ. ಆ ಕುರ್ಚಿ ಪೂರ್ತಿಯಾಗಿ ನಿಮ್ಮದು, ಪೂರ್ತಿಯಾಗಿ ಕುಳಿತುಕೊಳ್ಳಿ. ಸೀರೆಯಾಗಲಿ ಚೂಡಿದಾರವಾಗಲಿ, ಹೊಸದಾಗಿ ಅಂದೇ ಉಡುವುದಕ್ಕಿಂತ ಒಂದೆರಡು ಸಲ ಉಟ್ಟು ಕೂತು ಎದ್ದು ನೋಡಿದ ಉಡುಪು ಲೇಸು. ಸೆರಗನ್ನು ಪಿನ್ನಿನಿಂದ ಭದ್ರಪಡಿಸಿದರೆ ಕೈಗಳಿಗೆ ಬಿಡುವು ಸಿಗುತ್ತದೆ. ನಗಬೇಕು ಎಂದು ಸದಾ ನಗುತ್ತ ಕೂಡಬೇಕಾಗಿಲ್ಲ. ಬರುವಾಗ, ಹೋಗುವಾಗ, ನಿಜಕ್ಕೂ ಸಂತೋಷದ ಮಾತು ಬಂದಾಗ ನಕ್ಕರೆ ಸಾಕು.

ಮದುವೆ ಯಾವಾಗ, ಮಕ್ಕಳಾದ ಮೇಲೆ ಕೆಲಸ ಬಿಡುತ್ತೀರಾ ಎಂಬಂಥ ಪ್ರಶ್ನೆಗಳು ಇಂದಿಗೂ ಬರುತ್ತವೆ, ಬರಬಾರದು. ಬಂದಾಗ ಮುಖ ಬಾಡಿಸದೆ, ಕ್ಷಮೆ ಕೇಳುವವರಂತೆ ನಗದೆ, ಬೆನ್ನು ನೆಟ್ಟಗಿಟ್ಟು ‘ಈ ಹುದ್ದೆಯ ಕೆಲಸದ ವೇಳೆ ಮತ್ತು ಜವಾಬ್ದಾರಿಗಳನ್ನು ತಿಳಿದೇ ಅರ್ಜಿ ಹಾಕಿದ್ದೇನೆ’ ಎಂದು ಸಮ ದನಿಯಲ್ಲಿ ಹೇಳಿ ನಿಲ್ಲಿಸಿ. ಅದಕ್ಕಿಂತ ಹೆಚ್ಚಿನ ವಿವರಣೆ ಕೊಡುವ ಹೊಣೆ ನಿಮ್ಮದಲ್ಲ.

ಸುಳ್ಳು ಹೇಳಿದರೆ ಕಣ್ಣಿನ ಚಲನೆಯಿಂದ ಗೊತ್ತಾಗುತ್ತದೆಯಂತೆ. ಉತ್ತರ ನೆನಪಿಸಿಕೊಳ್ಳಲು ಮೇಲೆ ನೋಡಿದರೂ ಸುಳ್ಳೆಂದು ತಿಳಿಯುತ್ತಾರೆಯೇ?

ಕಣ್ಣು ಇಂತಿಂಥ ದಿಕ್ಕಿಗೆ ಹೋದರೆ ಸುಳ್ಳು ಎಂಬುದನ್ನು ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು 2012ರಲ್ಲಿ ಪರೀಕ್ಷಿಸಿದಾಗ ಆಧಾರ ಸಿಗಲಿಲ್ಲ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ ಅವರು ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ತೋರಿಸಿದಂತೆ, ನಿಜ ಯಾವುದು ಸುಳ್ಳು ಯಾವುದು ಎಂದು ಜನ ಸರಿಯಾಗಿ ಗುರುತಿಸುವುದು ಸರಾಸರಿ ಶೇ. 54ರಷ್ಟು ಸಲ ಮಾತ್ರ, ಅಂದರೆ ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಸ್ವಲ್ಪ ಮೇಲು. ಯೋಚಿಸಲು ಮೇಲೆ ನೋಡಬೇಕೆನಿಸಿದರೆ ನಿಶ್ಚಿಂತೆಯಿಂದ ನೋಡಿ. ಸುಳ್ಳು ಸಿಕ್ಕಿಬೀಳುವುದು ಕಣ್ಣಿನಿಂದಲ್ಲ, ಮುಂದಿನ ಪ್ರಶ್ನೆಯಿಂದ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವಾಗ ಮಾತ್ರ ದೇಹಭಾಷೆಯನ್ನು ಕಾಯ್ದುಕೊಳ್ಳಬೇಕು. ನಾಲಿಗೆ ಕಚ್ಚಿಕೊಳ್ಳುವುದು, ಹಣೆ ಬಡಿದುಕೊಳ್ಳುವುದು, ತಲೆ ಕೆರೆದುಕೊಳ್ಳುವುದು ನಮ್ಮಲ್ಲಿ ತೀರ ಸಾಮಾನ್ಯ. ಮುಖ ನೋಡಿ, ‘ಇದು ನನಗೆ ತಿಳಿದಿಲ್ಲ ಸರ್’ ಎಂದು ಉಳಿದ ಉತ್ತರಗಳ ದನಿಯಲ್ಲೇ ಹೇಳಿದವರು ಮುಂದಿನ ಪ್ರಶ್ನೆಗೆ ಕುಸಿಯದೆ ಬರುತ್ತಾರೆ.

ವಿಡಿಯೊ ಸಂದರ್ಶನಕ್ಕೆ ಮನೆಯಲ್ಲಿ ಸರಿಯಾದ ಕೋಣೆ ಇಲ್ಲ. ಹೇಗೆ ನಿಭಾಯಿಸಲಿ?

ಕೋಣೆ ಬೇಕಾಗಿಲ್ಲ, ಒಂದು ಗೋಡೆ ಮತ್ತು ಒಂದು ಕಿಟಕಿ ಸಾಕು. ಕಿಟಕಿಗೆ ಬೆನ್ನು ಮಾಡಿದರೆ ಮುಖ ಕಪ್ಪಾಗಿ ಕಾಣುತ್ತದೆ. ಬೆಳಕು ಮುಖಕ್ಕೆ ಬೀಳುವಂತೆ ಕಿಟಕಿಗೆ ಎದುರಾಗಿ ಕುಳಿತುಕೊಳ್ಳಿ. ಮೊಬೈಲನ್ನು ಕೈಯಲ್ಲಿ ಹಿಡಿಯದೆ ಡಬ್ಬಿಗಳ ಮೇಲೋ ಪುಸ್ತಕಗಳ ಮೇಲೋ ಏರಿಸಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುವಂತೆ ಒರಗಿಸಿಡಿ. ತಲೆಯಿಂದ ಎದೆಯವರೆಗೆ ಕಾಣಬೇಕು, ಏಕೆಂದರೆ ಕೈಗಳೂ ಮಾತನಾಡುತ್ತವೆ. ಕೇಳುವಾಗ ಪರದೆಯ ಮೇಲಿನ ಮುಖ ನೋಡಿ, ಉತ್ತರದ ಮುಖ್ಯ ವಾಕ್ಯಗಳನ್ನು ಮಾತ್ರ ಕ್ಯಾಮೆರಾದ ಬಿಂದುವಿಗೆ ಹೇಳಿ. ನಿಮ್ಮದೇ ಮುಖ ಕಾಣುವ ಚಿಕ್ಕ ಚೌಕವನ್ನು ಮರೆಮಾಡಿಬಿಡಿ, ಇಲ್ಲದಿದ್ದರೆ ಕಣ್ಣು ಅಲ್ಲಿಗೇ ಓಡುತ್ತದೆ. ಮನೆಯವರಿಗೆ ವೇಳೆಯನ್ನು ಮೊದಲೇ ತಿಳಿಸಿ. ಗಿರಣಿಯ ಸದ್ದೋ ಕುಕ್ಕರಿನ ಸೀಟಿಯೋ ಬಂದರೆ ನಾಚದೆ ಒಂದು ಮಾತಿನಲ್ಲಿ ಕ್ಷಮೆ ಕೇಳಿ ಮುಂದುವರಿಯಿರಿ.

ನನಗೆ ತೊದಲು ಇದೆ. ಗೆಳೆಯನಿಗೆ ದೃಷ್ಟಿ ಕಡಿಮೆ. ಈ ಸಲಹೆಗಳು ನಮಗೆ ಹೇಗೆ ಅನ್ವಯಿಸುತ್ತವೆ?

ಎಲ್ಲವೂ ಅನ್ವಯಿಸುವುದಿಲ್ಲ, ಅನ್ವಯಿಸಬೇಕೆಂದೂ ಇಲ್ಲ. ಆರಂಭದಲ್ಲೇ ‘ನನಗೆ ಮಾತು ಕೆಲವೊಮ್ಮೆ ತಡೆಯುತ್ತದೆ, ಒಂದು ಕ್ಷಣ ಕೊಡಿ’ ಎಂದು ಹೇಳಿಬಿಟ್ಟರೆ ಅದನ್ನು ಮರೆಮಾಚುವ ಶ್ರಮ ಉಳಿಯುತ್ತದೆ. ಆ ಶ್ರಮವೇ ಮುಖದಲ್ಲಿ ಬಿಗುವಾಗಿ ಕಾಣುವುದು. ದೃಷ್ಟಿ ಇಲ್ಲದವರು ದನಿ ಬಂದ ದಿಕ್ಕಿಗೆ ಮುಖ ತಿರುಗಿಸಿದರೆ ಗಮನ ತಿಳಿಯುತ್ತದೆ, ಕುರ್ಚಿ ಎಲ್ಲಿದೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸಿದೆ. ಇಲ್ಲಿ ಕಲಿಯಬೇಕಾದವರು ಅಭ್ಯರ್ಥಿಗಳಿಗಿಂತ ಹೆಚ್ಚಾಗಿ ಸಂದರ್ಶಕರು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಭ್ಯಾಸ ಮಾಡುವುದು ಹೇಗೆ? ಎಷ್ಟು ದಿನ ಬೇಕು?

ಹಿಂದಿನ ರಾತ್ರಿ ಕಲಿತದ್ದು ಉಳಿಯುವುದಿಲ್ಲ. ಎರಡು ವಾರವಾದರೂ ಇರಲಿ. ಗೆಳೆಯನನ್ನು ಎದುರಿಗೆ ಕೂಡಿಸಿ ಹತ್ತು ನಿಮಿಷ ಉತ್ತರಿಸಿ, ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಮೊದಲು ದನಿ ಇಲ್ಲದೆ ನೋಡಿ, ಆಗ ಕೈ ಕಾಲು ಗೋಣು ಏನು ಮಾಡುತ್ತಿವೆ ಎಂಬುದು ತಿಳಿಯುತ್ತದೆ. ಅನಂತರ ಚಿತ್ರ ನೋಡದೆ ದನಿಯನ್ನಷ್ಟೇ ಕೇಳಿ. ಒಂದು ಸಲಕ್ಕೆ ಒಂದನ್ನೇ ತಿದ್ದಿಕೊಳ್ಳಿ: ಈ ವಾರ ಮೊಣಕಾಲು, ಮುಂದಿನ ವಾರ ನೋಟ. ಎಲ್ಲವನ್ನೂ ಒಮ್ಮೆಗೇ ಹಿಡಿಯಲು ಹೋದವರು ಪ್ರಶ್ನೆಯನ್ನೇ ಕೇಳಿಸಿಕೊಳ್ಳುವುದಿಲ್ಲ.

ಗೆಳೆಯರ ಮುಂದೆ ಅಂಜಿಕೆಯೇ ಬರುವುದಿಲ್ಲ ಎನ್ನುವವರು ನಿಜವಾಗಿ ಬಿಡೆ ಹುಟ್ಟಿಸುವವರ ಮುಂದೆ ಕುಳಿತುಕೊಳ್ಳಿ. ಊರಿನ ಹೈಸ್ಕೂಲಿನ ಮುಖ್ಯೋಪಾಧ್ಯಾಯರು, ಸೊಸೈಟಿಯ ಕಾರ್ಯದರ್ಶಿ, ನಿವೃತ್ತರಾದ ಕಾಕಾ ಯಾರಾದರೂ ಆದೀತು. ಇಪ್ಪತ್ತು ನಿಮಿಷ ಪ್ರಶ್ನೆ ಕೇಳಿರಿ ಎಂದು ಬೇಡಿಕೊಂಡರೆ ಬೇಡ ಎನ್ನುವವರು ನಮ್ಮ ಕಡೆ ಸಿಗುವುದು ಅಪರೂಪ.

ಸಂದರ್ಶನ ಮುಗಿದ ಮೇಲೆ ಹೇಗೆ ಹೊರಬರಬೇಕು?

ಮುಗಿಯಿತು ಎಂದೊಡನೆ ಪಾರಾದೆ ಎಂಬಂತೆ ಎದ್ದು ಓಡುವವರೇ ಹೆಚ್ಚು. ಪ್ರಮಾಣಪತ್ರಗಳನ್ನು ಫೈಲಿಗೆ ಸೇರಿಸಿಕೊಳ್ಳಲು ಬೇಕಾದಷ್ಟು ಹೊತ್ತು ತೆಗೆದುಕೊಂಡು, ಎದ್ದು ನಿಂತು, ಧನ್ಯವಾದ ಹೇಳಿ ನಮಸ್ಕರಿಸಿ, ಕುರ್ಚಿಯನ್ನು ಸದ್ದಾಗದಂತೆ ಹಿಂದಿನ ಜಾಗಕ್ಕೆ ಸರಿಸಿ ಹೊರಡಿ. ಬಾಗಿಲವರೆಗೆ ಹಿಮ್ಮುಖವಾಗಿ ನಡೆಯುವುದು ಬೇಡ. ಹೊರಗೆ ಕಾಯುತ್ತಿರುವವರು ಏನು ಕೇಳಿದರು ಎಂದು ಸುತ್ತುವರಿಯುತ್ತಾರೆ. ಬಾಗಿಲ ಹತ್ತಿರವೇ ನಿಂತು ಹೇಳತೊಡಗಿದರೆ ಒಳಗೆ ಕೇಳಿಸುತ್ತದೆ. ಸ್ವಲ್ಪ ದೂರ ಕರೆದೊಯ್ದು ಹೇಳಿ, ಮತ್ತು ತೀರ ಅಂಜಿದವರು ಕಂಡರೆ ಅವರ ಕೈಯಲ್ಲಿ ನಿಮ್ಮ ನೀರಿನ ಬಾಟಲಿ ಕೊಡಿ.